ವರ್ಷವರ್ಷವೂ ಕಟ್ಟಬೇಕಾದ ಕಟ್ಟ

ಕೆಲವು ತಿಂಗಳ ಹಿಂದೆ, ಭಾನುವಾರದ ಬಲಿಪೂಜೆಯ ಬಳಿಕ ನಡೆಯುವ ಧರ್ಮೋಪದೇಶದ ತರಗತಿಯಲ್ಲಿ, ಮಾತೆ ಮರಿಯಮ್ಮನವರು ಎಲಿಜಬೇತಮ್ಮನವರನ್ನು ಕಾಣಲು ಬೆಟ್ಟದ ಸೀಮೆಗೆ ಹೊರಟ ಪಾಠ ನಡೆದಿತ್ತು. ಅವರಿಬ್ಬರಿಗೂ ಏನು ಸಂಬಂಧ ಎಂದು ಮಕ್ಕಳನ್ನು ಕೇಳಿದೆ. ನಾಲ್ಕನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, ‘ಕಸಿನ್, ಫಾದರ್’ ಎಂದ. ಸಂತ ಲೂಕರು ‘ಬಂಧು’ ಎಂದಷ್ಟೇ ಬರೆದಿದ್ದಾರೆ. ಆದರೂ ಹುಡುಗನ ಉತ್ತರವನ್ನು ನಾನು ತಿದ್ದಲಿಲ್ಲ. ನಿನಗೆ ಎಷ್ಟು ಮಂದಿ ಕಸಿನ್‌ಗಳು ಎಂದು ಕೇಳಿದೆ. ಬೆರಳು ಮಡಚಿ ಎಣಿಸಿದ, ಮೂರಕ್ಕೆ ನಿಂತಿತು. ಇಬ್ಬರು ದುಬೈಯಲ್ಲಿ, ಒಬ್ಬಳು ಬೆಂಗಳೂರಿನಲ್ಲಿ. ಅವರನ್ನು ಕಂಡದ್ದು ಯಾವಾಗ ಎಂದರೆ, ‘ಫೋನಿನಲ್ಲಿ ಕಾಣುತ್ತೇನೆ’ ಎಂದ.

ಹುಡುಗನನ್ನು ಮನೆಗೆ ಕರೆದೊಯ್ಯಲು ಬಂದಿದ್ದ ಅವನ ಅಜ್ಜನ ಮುಂದೆ ಅದೇ ಪ್ರಶ್ನೆಯನ್ನು ಇಟ್ಟೆ. ಅವರು ನಕ್ಕು, ‘ಲೆಕ್ಕ ಹಾಕಿದವರು ಯಾರು ಫಾದರ್? ಬೇಸಗೆಯಲ್ಲಿ ಹಲಸಿನ ಹಪ್ಪಳ ಕಾಯಲು ಕುಳಿತರೆ ಅಂಗಳ ತುಂಬುತ್ತಿತ್ತು’ ಎಂದರು.

ಅಂಗಳ ತುಂಬಿದ್ದ ಆ ಕಾಲಕ್ಕೂ ಮೂರಕ್ಕೆ ನಿಂತ ಈ ಬೆರಳುಗಳಿಗೂ ನಡುವೆ ನಮ್ಮ ಕುಟುಂಬಗಳಲ್ಲಿ ಏನು ನಡೆಯಿತು, ಉಳಿದಿರುವುದನ್ನು ಉಳಿಸಿಕೊಳ್ಳುವ ಬಗೆ ಯಾವುದು ಎಂಬುದನ್ನು ಈ ವಾರ ಓದುಗ ಬಾಂಧವರ ಜೊತೆ ಚಿಂತಿಸಬೇಕೆಂದಿದ್ದೇನೆ.

ಮೊದಲು ಮಾತಿನ ವಿಚಾರ. ‘ಕಸಿನ್’ ಎಂಬುದಕ್ಕೆ ಸರಿಸಮನಾದ ಒಂದೇ ಪದ ಕನ್ನಡದಲ್ಲಿಲ್ಲ. ಇದು ಭಾಷೆಯ ಬಡತನವಲ್ಲ. ದೊಡ್ಡಪ್ಪನ ಮಗ ಅಣ್ಣ, ಚಿಕ್ಕಮ್ಮನ ಮಗಳು ತಂಗಿ. ಅದಕ್ಕೆ ಬೇರೆ ಹೆಸರು ಬೇಕೆಂದು ನಮ್ಮ ಹಿರಿಯರಿಗೆ ಅನಿಸಲೇ ಇಲ್ಲ. ಯೇಸುಸ್ವಾಮಿಯವರು ಆಡಿದ ಅರಮಾಯಿಕ್ ಭಾಷೆಯಲ್ಲಿಯೂ ಹೀಗೆಯೇ ‘ಸಹೋದರ’ ಎಂಬ ಪದ ಹತ್ತಿರದ ರಕ್ತಸಂಬಂಧಿಗಳನ್ನೆಲ್ಲ ಒಳಗೊಳ್ಳುತ್ತಿತ್ತು. ಶುಭಸಂದೇಶದಲ್ಲಿ ಬರುವ ‘ಪ್ರಭುವಿನ ಸಹೋದರರು’ ಅವರ ತಾಯಿಯ ಕಡೆಯ ಬಂಧುಗಳ ಮಕ್ಕಳೆಂದು ಸಂತ ಜೆರೋಮರು ನಾಲ್ಕನೆಯ ಶತಮಾನದ ಕೊನೆಯಲ್ಲಿ ವಾದಿಸಿದ್ದು ಈ ಬಳಕೆಯ ಬಲದಿಂದಲೇ.

ಆದರೆ ಕನ್ನಡದಲ್ಲಿ ಇನ್ನೊಂದು ಪದವಿದೆ: ದಾಯಾದಿ. ‘ದಾಯ’ವೆಂದರೆ ಪಿತ್ರಾರ್ಜಿತದ ಪಾಲು, ಪಾಲಿಗೆ ಹಕ್ಕುಳ್ಳವನು ದಾಯಾದಿ. ಅರ್ಥದಲ್ಲಿ ಕೇಡೇನೂ ಇಲ್ಲ. ಆದರೂ ನಾವು ಆ ಪದವನ್ನು ಮತ್ಸರದ ಜೊತೆಗಲ್ಲದೆ ಬಳಸುವುದಿಲ್ಲ. ‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಎಂಬ ಗಾದೆ ನಮ್ಮ ಎಷ್ಟೋ ಮನೆತನಗಳ ಚರಿತ್ರೆಯನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತದೆ. ವಿಚಿತ್ರವೆಂದರೆ, ನಮ್ಮಲ್ಲಿ ಅನೇಕರ ಮನೆಮಾತಾದ ಕೊಂಕಣಿಯಲ್ಲಿ ಅದೇ ಬೇರಿನಿಂದ ಹುಟ್ಟಿದ ‘ದಾಯ್ಜಿ’ ಎಂಬ ಪದಕ್ಕೆ ಆಪ್ತ ಬಂಧು ಎಂದೇ ಅರ್ಥ. ಮದುವೆಯ ಹಿಂದಿನ ದಿನದ ರೋಸ್ ಕಾರ್ಯಕ್ಕೆ ದಾಯ್ಜಿಗಳು ಬಾರದಿದ್ದರೆ ಮನೆ ಬಣಗುಡುತ್ತದೆ. ಒಂದೇ ಪಾಲು, ಒಂದೇ ಬೇರು. ಒಂದು ಭಾಷೆ ಅದರಲ್ಲಿ ವ್ಯಾಜ್ಯವನ್ನು ಕಂಡಿತು, ಇನ್ನೊಂದು ನಂಟನ್ನು ಕಂಡಿತು. ಎರಡನ್ನೂ ಆಡುವ ನಮ್ಮ ಮನೆಗಳಲ್ಲಿ ಯಾವ ಅರ್ಥ ಉಳಿಯಬೇಕು ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ಧರ್ಮಸಭೆಯ ನಿಯಮದಲ್ಲಿಯೂ ಒಂದು ಉತ್ತರ ಅಡಗಿದೆ. ದಕ್ಷಿಣ ಭಾರತದ ಅನೇಕ ಸಮುದಾಯಗಳಲ್ಲಿ ಸೋದರಮಾವನ ಮಗಳು, ಸೋದರತ್ತೆಯ ಮಗ ವರಿಸಲು ತಕ್ಕವರು; ಸೋದರಿಕೆಯ ಸಂಬಂಧವೆಂದು ಅದಕ್ಕೆ ಗೌರವವೂ ಇದೆ. ಕಥೋಲಿಕರಲ್ಲಿ ಹಾಗಿಲ್ಲ. 1215ರ ಲ್ಯಾಟರನ್ ಮಹಾಸಭೆ ಅದುವರೆಗೆ ಏಳು ತಲೆಯವರೆಗಿದ್ದ ನಿರ್ಬಂಧವನ್ನು ನಾಲ್ಕಕ್ಕೆ ಇಳಿಸಿತು. 1917ರ ಧರ್ಮಸಂಹಿತೆ ಮೂರಕ್ಕೆ ಇಳಿಸಿತು. 1983ರ ಸಂಹಿತೆಯ ಪ್ರಕಾರ ಇಂದು ಒಬ್ಬ ಅಜ್ಜನ ಮೊಮ್ಮಕ್ಕಳು ಧರ್ಮಾಧ್ಯಕ್ಷರ ವಿಶೇಷ ವಿನಾಯಿತಿಯಿಲ್ಲದೆ ಪರಸ್ಪರ ಮದುವೆಯಾಗುವಂತಿಲ್ಲ. ಇದನ್ನು ಬರಿಯ ನಿಷೇಧವೆಂದು ತಿಳಿಯುವವರೇ ಹೆಚ್ಚು. ಆದರೆ ಸಂತ ಅಗಸ್ಟೀನರು ‘ದೇವರ ನಗರ’ ಎಂಬ ತಮ್ಮ ಗ್ರಂಥದಲ್ಲಿ ಇದಕ್ಕೆ ಕೊಟ್ಟ ಕಾರಣ ಬೇರೆಯೇ ಆಗಿದೆ. ಬಂಧುತ್ವದ ನಾನಾ ನಂಟುಗಳನ್ನೆಲ್ಲ ಒಬ್ಬ ವ್ಯಕ್ತಿಯ ಮೇಲೆಯೇ ಹೇರದೆ ಹಲವರಲ್ಲಿ ಹಂಚಿದರೆ ಪ್ರೀತಿಯ ಬಲೆ ಹೆಚ್ಚು ಜನರನ್ನು ಒಳಗೊಳ್ಳುತ್ತದೆ ಎಂಬುದು ಅವರ ವಿಚಾರದ ಸಾರ. ಮಗಳ ಮದುವೆಯಿಂದ ಹೊಸ ಮನೆ ನಮ್ಮದಾಗಲಿ, ಹಳೆಯ ಬಂಧು ಬಂಧುವಾಗಿಯೇ ಉಳಿಯಲಿ ಎಂಬ ಲೆಕ್ಕ. ಆದ್ದರಿಂದ ನಮ್ಮ ಮನೆಗಳಲ್ಲಿ ದೊಡ್ಡಪ್ಪನ ಮಕ್ಕಳು, ಅತ್ತೆಯ ಮಕ್ಕಳು, ಮಾವನ ಮಕ್ಕಳು ಎಂಬ ಭೇದವಿಲ್ಲದೆ ಎಲ್ಲರೂ ಒಡಹುಟ್ಟಿದವರಂತೆಯೇ ಬೆಳೆಯಬಹುದು. ನೆರೆಯವರ ಪದ್ಧತಿಯನ್ನು ಕೀಳೆಂದು ಹೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ನಮಗೆ ದೊರೆತಿರುವ ಅವಕಾಶ ಎಷ್ಟು ದೊಡ್ಡದೆಂಬುದನ್ನು ತಿಳಿಯುವುದಕ್ಕಾಗಿ ಬರೆಯುತ್ತಿದ್ದೇನೆ.

ಇನ್ನು ನನ್ನ ಸ್ವಂತ ಅನುಭವ. ಈಗ ತಾನೇ ಒಂದು ತಾಲೂಕಾಗಿರುವ ಕಡಬ ನನ್ನ ಬಾಲ್ಯದಲ್ಲಿ ಪುತ್ತೂರು ತಾಲೂಕಿಗೆ ಸೇರಿತ್ತು. ಅಲ್ಲಿಯ ಒಂದು ಹಳ್ಳಿಯಲ್ಲಿ ನಮ್ಮ ಅಜ್ಜನ ಮನೆ. ಏಪ್ರಿಲ್ ತಿಂಗಳಲ್ಲಿ ಶಾಲೆಗೆ ರಜೆ ಬಂತೆಂದರೆ ಸುಳ್ಯದಿಂದ ಅತ್ತೆಯ ಮಕ್ಕಳು, ಪುತ್ತೂರಿನಿಂದ ದೊಡ್ಡಪ್ಪನ ಮಕ್ಕಳು, ಮುಂಬಯಿಯಿಂದ ಹೊಸ ಚಪ್ಪಲಿ ಹಾಕಿಕೊಂಡ ಚಿಕ್ಕಪ್ಪನ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಹೊಸ ಚಪ್ಪಲಿ ಎರಡು ದಿನಗಳಲ್ಲಿ ಮೂಲೆ ಸೇರುತ್ತಿತ್ತು. ಜಗಲಿಯ ಉದ್ದಕ್ಕೂ ಚಾಪೆ ಹಾಸಿ ಹದಿನೈದು ಹದಿನೆಂಟು ಮಕ್ಕಳು ಮಲಗುತ್ತಿದ್ದೆವು. ಬೆಳಗ್ಗೆ ಗೇರುಗುಡ್ಡೆಗೆ ಹೋಗಿ ಬೀಜ ಹೆಕ್ಕಬೇಕು. ಮಧ್ಯಾಹ್ನ ಹಪ್ಪಳ ಕಾಯಬೇಕು, ಕಾಗೆಗಿಂತ ಹೆಚ್ಚಾಗಿ ನಾವೇ ಹಸಿ ಹಪ್ಪಳ ತಿಂದದ್ದಕ್ಕೆ ಬೈಸಿಕೊಳ್ಳಬೇಕು. ಸಂಜೆ ಹೊಳೆಯಲ್ಲಿ ಮುಳುಗೇಳಬೇಕು. ನನಗಿಂತ ನಾಲ್ಕು ವರ್ಷ ಹಿರಿಯನಾದ ದೊಡ್ಡಪ್ಪನ ಮಗ ನನಗೆ ಈಜು ಕಲಿಸಿದ. ಕಲಿಸಿದ ಎಂದರೆ, ನೀರಿಗೆ ದೂಡಿ, ತಾನೂ ಹಾರಿ, ಮುಳುಗುವ ಮೊದಲು ಕೈಹಿಡಿದ.

ಕತ್ತಲಾಗುತ್ತಲೇ ಚಿಮಿಣಿ ದೀಪದ ಬೆಳಕಿನಲ್ಲಿ ದೇವರ ಪೀಠದ ಮುಂದೆ ತೇರ್ಸ್, ಅಂದರೆ ಜಪಮಾಲೆ. ಅದು ಮುಗಿದ ಕೂಡಲೇ ಮಕ್ಕಳೆಲ್ಲ ಸಾಲಾಗಿ ಹಿರಿಯರ ಬಳಿ ಹೋಗಿ ಕೈಮುಗಿದು ‘ಬೆಸಾಂವ್’ ಬೇಡಬೇಕು. ಅಜ್ಜಿ ಆಶೀರ್ವದಿಸುತ್ತಲೇ ತಲೆ ಎಣಿಸುತ್ತಿದ್ದರು. ಒಂದು ತಲೆ ಕಡಿಮೆಯಾದರೆ ಊಟ ಬಡಿಸುತ್ತಿರಲಿಲ್ಲ. ಯಾರ ಮಗ ಯಾರು ಎಂಬ ವಿಚಾರ ಅವರ ಎಣಿಕೆಯಲ್ಲಿ ಇರಲಿಲ್ಲ. ಸಂಖ್ಯೆ ಸರಿಯಾಗಬೇಕು, ಅಷ್ಟೇ. ಕಡಬದ ಇಗರ್ಜಿ ಸಂತ ಜೋಕಿಮರ ಹೆಸರಿನದು. ಪರಂಪರೆಯ ಪ್ರಕಾರ ಅವರು ಮರಿಯಮ್ಮನವರ ತಂದೆ, ಯೇಸುಸ್ವಾಮಿಯವರ ಅಜ್ಜ. ಅಜ್ಜನೊಬ್ಬರನ್ನು ಪಾಲಕರನ್ನಾಗಿ ಪಡೆದ ಊರಿನಲ್ಲಿ ಮೊಮ್ಮಕ್ಕಳ ಸ್ನೇಹ ಬೆಳೆದದ್ದು ಅಜ್ಜನ ಮನೆಯ ಜಗಲಿಯಲ್ಲಿಯೇ ಎಂಬುದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. 2021ರಲ್ಲಿ ಪೋಪ್ ಫ್ರಾನ್ಸಿಸರು ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ-ಅಜ್ಜಿಯರ ಹಾಗೂ ವೃದ್ಧರ ದಿನವೆಂದು ಸಾರಿದಾಗ ನನಗೆ ಮೊದಲು ನೆನಪಾದದ್ದು ತಲೆ ಎಣಿಸುತ್ತಿದ್ದ ಆ ಕೈ.

ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ ನೀತಿಶಾಸ್ತ್ರದ ಎಂಟನೆಯ ಭಾಗ ಕೈಗೆ ಬಂತು. ಬಂಧುಗಳ ಸ್ನೇಹಕ್ಕೆ ಆತ ಎರಡು ಆಧಾರಗಳನ್ನು ಕೊಡುತ್ತಾನೆ. ಒಂದು, ಒಂದೇ ಮೂಲದಿಂದ ಬಂದುದು. ಸಹೋದರರು ಒಂದೇ ತಂದೆತಾಯಿಯರಿಂದ ಬಂದವರಾದ್ದರಿಂದ ಅವರ ಮಕ್ಕಳೂ ಪರಸ್ಪರ ಬೆಸೆದುಕೊಂಡಿರುತ್ತಾರೆ. ಇನ್ನೊಂದು, ಒಂದೇ ಪ್ರಾಯದವರಾಗಿ ಜೊತೆಯಲ್ಲಿ ಬೆಳೆದುದು. ಮೂಲ ದೂರವಾದಷ್ಟೂ ಮೊದಲನೆಯ ನಂಟು ತೆಳುವಾಗುತ್ತದೆ ಎಂಬುದನ್ನೂ ಆತ ಮರೆಯುವುದಿಲ್ಲ. ಇದನ್ನು ಓದಿದಾಗ ನಮ್ಮ ಜಗಲಿಯ ಗುಟ್ಟು ನನಗೆ ತಿಳಿಯಿತು. ರಕ್ತ ನಮ್ಮನ್ನು ಒಂದು ಮನೆಗೆ ತಂದಿತು. ಅಣ್ಣತಮ್ಮಂದಿರನ್ನಾಗಿ ಮಾಡಿದ್ದು ಚಾಪೆ. ಚಾಪೆಯಿಲ್ಲದೆ ಬರಿಯ ರಕ್ತ ಎಷ್ಟು ದೂರ ನಡೆಯಬಲ್ಲದು ಎಂಬ ಪ್ರಶ್ನೆಯೂ ಆಗಲೇ ಹುಟ್ಟಿತು. ಉತ್ತರಕ್ಕೆ ಬಹಳ ಕಾಲ ಕಾಯಬೇಕಾಗಲಿಲ್ಲ.

ನಮ್ಮ ಅಜ್ಜನ ತೋಟಕ್ಕೆ ಬೇಸಗೆಯ ನೀರು ಬರುತ್ತಿದ್ದುದು ಕಟ್ಟದಿಂದ. ಈ ಕಡೆಯ ಓದುಗರಿಗೆ ಕಟ್ಟವೆಂದರೆ ಏನೆಂದು ವಿವರಿಸಬೇಕಾಗಿಲ್ಲ. ಮುಂಬಯಿಯಲ್ಲಿ ಬೆಳೆದ ಮಕ್ಕಳಿಗಾಗಿ ಹೇಳುತ್ತೇನೆ. ಮಳೆ ನಿಂತು ಹೊಳೆಯ ಸೆಳೆತ ಕಡಿಮೆಯಾದಾಗ, ಸಾಮಾನ್ಯವಾಗಿ ಡಿಸೆಂಬರಿನಲ್ಲಿ, ಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆ, ಸೊಪ್ಪು ಸೇರಿಸಿ ಹೊಳೆಗೆ ಅಡ್ಡಲಾಗಿ ತಾತ್ಕಾಲಿಕ ಒಡ್ಡು ಹಾಕುತ್ತಾರೆ. ನೀರು ನಿಂತು, ತೋಡಿನಲ್ಲಿ ಹರಿದು, ಸರದಿಯಂತೆ ಎಲ್ಲರ ತೋಟಗಳನ್ನೂ ಸೇರುತ್ತದೆ; ಸುತ್ತಲಿನ ಬಾವಿಗಳಿಗೂ ಜೀವ ಬರುತ್ತದೆ. ಮಳೆಗಾಲದ ಮೊದಲ ನೆರೆಯಲ್ಲಿ ಕಟ್ಟ ಕೊಚ್ಚಿ ಹೋಗುತ್ತದೆ. ಮರುವರ್ಷ ಮತ್ತೆ ಕಟ್ಟಬೇಕು. ಒಬ್ಬನಿಂದ ಆಗುವ ಕೆಲಸ ಅದಲ್ಲ. ನಮ್ಮಲ್ಲಿ ಕ್ರಿಸ್‌ಮಸ್ ಕಳೆದ ಮರುವಾರ ಅಜ್ಜನ ಮೂವರು ಗಂಡುಮಕ್ಕಳೂ ಮೊಮ್ಮಕ್ಕಳೂ ಒಟ್ಟಾಗಿ ಕಟ್ಟ ಹಾಕುತ್ತಿದ್ದರು. ಉಳಿದ ಕುಸ್ವಾರ್ ಮುಗಿಯುತ್ತಿದ್ದುದು ಆ ದಿನ ಹೊಳೆಯ ದಂಡೆಯಲ್ಲಿ.

ಅಜ್ಜ ಉಯಿಲು ಬರೆಯದೆ ತೀರಿಕೊಂಡರು. ಪಾಲು ಆಯಿತು. ಅತ್ತೆಯಂದಿರಿಬ್ಬರೂ ಬಿಡುಗಡೆ ಪತ್ರಕ್ಕೆ ರುಜು ಹಾಕಿದರು. ಅವರನ್ನು ಕೇಳಿದ್ದಕ್ಕಿಂತ ಅವರ ಕೈಗೆ ಪೆನ್ನು ಕೊಟ್ಟದ್ದೇ ಮೊದಲು. 1925ರ ಭಾರತೀಯ ಉತ್ತರಾಧಿಕಾರ ಕಾನೂನಿನಂತೆ ಕ್ರೈಸ್ತರಲ್ಲಿ ಉಯಿಲಿಲ್ಲದೆ ಸತ್ತವರ ಮಕ್ಕಳಿಗೆ, ಗಂಡಾಗಲಿ ಹೆಣ್ಣಾಗಲಿ, ಸಮಾನ ಪಾಲು ಎಂಬ ಮಾತನ್ನು ಆ ದಿನ ಯಾರೂ ಎತ್ತಲಿಲ್ಲ. ಪತ್ರದಲ್ಲಿ ಗಡಿಗಳಿದ್ದವು, ಸೆಂಟ್ಸುಗಳ ಲೆಕ್ಕವಿತ್ತು. ನೀರಿನ ಸರದಿಯ ಬಗ್ಗೆ, ನಡೆದು ಬಂದ ಕಾಲುದಾರಿಯ ಬಗ್ಗೆ ಒಂದಕ್ಷರವೂ ಇರಲಿಲ್ಲ. ನೀರಿನಲ್ಲಿ ಶುರುವಾದ ಮಾತು ಎರಡು ವರ್ಷಗಳಲ್ಲಿ ಬೇಲಿಯಲ್ಲಿ ಮುಗಿಯಿತು. ಒಂದು ಡಿಸೆಂಬರಿನಲ್ಲಿ ಕಟ್ಟ ಹಾಕಲು ಯಾರೂ ಇಳಿಯಲಿಲ್ಲ. ಒಬ್ಬೊಬ್ಬರೂ ಒಂದೊಂದು ಕೊಳವೆಬಾವಿ ಕೊರೆಯಿಸಿದರು. ಕೊಳವೆಬಾವಿಗೆ ಅಣ್ಣತಮ್ಮಂದಿರು ಬೇಡ, ಕರೆಂಟು ಸಾಕು.

ಈಜು ಕಲಿಸಿದ ಅಣ್ಣನೂ ನಾನೂ ಮಾತು ಬಿಟ್ಟೆವು. ನಮ್ಮಿಬ್ಬರ ನಡುವೆ ಜಗಳವಾದದ್ದೇ ಇಲ್ಲ. ಅಪ್ಪಂದಿರ ಜಗಳ ನಮಗೆ ಪಿತ್ರಾರ್ಜಿತವಾಗಿ ಬಂತು. ಎರಡೂ ಮನೆಯವರು ನನ್ನನ್ನು ಮಧ್ಯಸ್ಥನಾಗಲು ಕೇಳಿದ್ದರು. ‘ಗುರುವಾಗಲಿರುವವನು ಆಸ್ತಿಯ ವಿಷಯದಲ್ಲಿ ತಲೆಹಾಕಬಾರದು’ ಎಂದು ಉತ್ತರಿಸಿದೆ. ಅಂದು ಅದು ವೈರಾಗ್ಯವೆಂದು ನನಗನಿಸಿತ್ತು. ಇಂದು ಅದು ಹೇಡಿತನವಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಗುರುದೀಕ್ಷೆಯ ಬಳಿಕ ಊರಿನಲ್ಲಿ ನನ್ನ ಪ್ರಥಮ ಬಲಿಪೂಜೆ ನಡೆದಾಗ ಅಣ್ಣನಿಗೆ ಆಮಂತ್ರಣ ಅಂಚೆಯಲ್ಲಿ ಹೋಯಿತು, ಎರಡು ಫರ್ಲಾಂಗು ದೂರದ ಮನೆಗೆ! ಆತ ಬಂದು ಇಗರ್ಜಿಯ ಹಿಂದಿನ ಬಾಗಿಲ ಬಳಿ ನಿಂತು, ಪೂಜೆ ಮುಗಿಯುತ್ತಲೇ ಊಟಕ್ಕೆ ನಿಲ್ಲದೆ ಹೊರಟುಹೋದ. ಪೀಠದಿಂದ ನೋಡಿದೆ, ಇಳಿದು ಹೋಗಿ ಕರೆಯಲಿಲ್ಲ.

ಹನ್ನೊಂದು ವರ್ಷಗಳು ಹೀಗೆ ಕಳೆದವು. ಒಂದು ಜುಲೈ ತಿಂಗಳ ರಾತ್ರಿ ನನ್ನ ತಾಯಿ ತೀರಿಕೊಂಡರು. ಮರುದಿನ ಬೆಳಗ್ಗೆ ನಮ್ಮ ಮನೆಯ ಸಂಕ ನೀರಿನಡಿಯಲ್ಲಿತ್ತು. ಶವಪೆಟ್ಟಿಗೆಯನ್ನು ರಸ್ತೆಗೆ ತರಲು ಇದ್ದುದು ಒಂದೇ ದಾರಿ, ಬೇಲಿ ಹಾಕಿದ ಆ ಹಳೆಯ ಕಾಲುದಾರಿ. ಯಾರು ಹೋಗಿ ಕೇಳುವುದೆಂದು ನಾವು ಅಂಗಳದಲ್ಲಿ ಪಿಸುಗುಟ್ಟುತ್ತಿದ್ದಾಗ ಬೇಲಿಯ ಕಡೆಯಿಂದ ಕತ್ತಿಯ ಸದ್ದು ಕೇಳಿಸಿತು. ಅಣ್ಣ ಮಳೆಯಲ್ಲಿ ನೆನೆಯುತ್ತಾ ಬೇಲಿಯ ಗೂಟಗಳನ್ನು ಕಡಿದು ಕೀಳುತ್ತಿದ್ದ. ನನ್ನನ್ನು ನೋಡಿ, ‘ಚಿಕ್ಕಮ್ಮನನ್ನು ಈ ದಾರಿಯಾಗಿ ತನ್ನಿ’ ಎಂದನಷ್ಟೆ. ಶವಪೆಟ್ಟಿಗೆಗೆ ಎದುರಿನಿಂದ ಹೆಗಲು ಕೊಟ್ಟವನೂ ಆತನೇ.

ಆ ಬೇಲಿ ಮತ್ತೆ ಏಳಲಿಲ್ಲ. ಅರಿಸ್ಟಾಟಲನ ಪುಸ್ತಕದಿಂದ ಹುಟ್ಟಿದ ನನ್ನ ಪ್ರಶ್ನೆಗೆ ಉತ್ತರ ಅಲ್ಲಿ ದೊರೆಯಿತು. ಬಾಲ್ಯದ ಚಾಪೆ ಹನ್ನೊಂದು ವರ್ಷಗಳ ಮೌನವನ್ನು ತಾಳಿಕೊಂಡಿತು. ಆದರೆ ಅದನ್ನು ಮತ್ತೆ ಹಾಸಲು ಒಬ್ಬನು ಕತ್ತಿ ಹಿಡಿದು ಮಳೆಗೆ ಇಳಿಯಬೇಕಾಯಿತು. ಹಾಗೆ ಇಳಿದವನು ಗುರುವಾದ ನಾನಲ್ಲ.

ಪಾಲಾಗುವುದು ಪಾಪವಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಅಬ್ರಹಾಮನೂ ಅವನ ತಮ್ಮನ ಮಗ ಲೋಟನೂ ಬೇರೆಯಾದರು. ಇಬ್ಬರ ಹಿಂಡುಗಳನ್ನೂ ಒಂದೇ ನೆಲ ತಾಳದೆ ಆಳುಗಳು ಜಗಳಾಡುತ್ತಿದ್ದರು. ಹಿರಿಯನಾದ ಅಬ್ರಹಾಮನು ಆಯ್ಕೆಯನ್ನು ಕಿರಿಯನಿಗೆ ಬಿಟ್ಟುಕೊಟ್ಟ. ಲೋಟನು ನೀರಿರುವ ಒಳ್ಳೆಯ ಭೂಮಿಯನ್ನೇ ಆರಿಸಿಕೊಂಡ. ಮುಂದಿನ ಅಧ್ಯಾಯದಲ್ಲಿ ಲೋಟನು ಸೆರೆಸಿಕ್ಕಾಗ, ಅದೇ ಅಬ್ರಹಾಮನು 318 ಮಂದಿಯನ್ನು ಕರೆದುಕೊಂಡು ರಾತ್ರೋರಾತ್ರಿ ಅವನನ್ನು ಬಿಡಿಸಲು ಹೊರಟ. ಪಾಲು ಆದಿಕಾಂಡದ 13ನೆಯ ಅಧ್ಯಾಯದಲ್ಲಿ, ಬಿಡುಗಡೆ 14ನೆಯದರಲ್ಲಿ. ನಮ್ಮಲ್ಲಿ ಅನೇಕ ಕುಟುಂಬಗಳು 13ರಲ್ಲಿಯೇ ಪುಸ್ತಕ ಮುಚ್ಚಿಬಿಡುತ್ತವೆ ಎಂಬುದೇ ನನ್ನ ಅಳಲು.

ಹೊಸ ಒಡಂಬಡಿಕೆಯಲ್ಲಿ ಮಾರ್ಕನ ಪ್ರಸಂಗವಿದೆ. ಆತ ಬಾರ್ನಬನ ಚಿಕ್ಕಪ್ಪ-ದೊಡ್ಡಪ್ಪನ ಅಥವಾ ಅತ್ತೆ-ಮಾವನ ಮಗನೆಂದು ಕೊಲೊಸ್ಸೆಯವರಿಗೆ ಬರೆದ ಪತ್ರದಿಂದ ತಿಳಿಯುತ್ತದೆ. ಮೊದಲ ಯಾತ್ರೆಯಲ್ಲಿ ಮಾರ್ಕನು ಅರ್ಧದಾರಿಯಲ್ಲಿ ಹಿಂತಿರುಗಿದ್ದ. ಎರಡನೆಯ ಯಾತ್ರೆಗೆ ಅವನನ್ನು ಕರೆದೊಯ್ಯಲು ಸಂತ ಪೌಲರು ಒಪ್ಪಲಿಲ್ಲ, ಬಾರ್ನಬನು ಬಿಡಲಿಲ್ಲ. ಇಬ್ಬರು ಮಹಾಪುರುಷರು ಆ ಕಾರಣದಿಂದಲೇ ಅಗಲಿದರು. ಎಷ್ಟೋ ವರ್ಷಗಳ ಮೇಲೆ ತಿಮೊಥೇಯನಿಗೆ ಬಂದ ಎರಡನೆಯ ಪತ್ರದಲ್ಲಿ ಅದೇ ಪೌಲರು ಮಾರ್ಕನು ತಮಗೆ ಉಪಯುಕ್ತನೆಂದು ಹೇಳಿ ಅವನನ್ನು ಕರೆತರಲು ಕೇಳಿಕೊಳ್ಳುತ್ತಾರೆ. ಲೋಕ ಕೈಬಿಟ್ಟವನನ್ನು ಎರಡನೆಯ ಬಾರಿ ನಂಬುವುದು ಬಂಧುವಿನ ಕೆಲಸ. ಪರೀಕ್ಷೆಯಲ್ಲಿ ಸೋತ, ಕುಡಿತಕ್ಕೆ ಬಿದ್ದ, ವಿದೇಶದಿಂದ ಬರಿಗೈಯಲ್ಲಿ ಬಂದ ಒಬ್ಬ ಮಾರ್ಕ ನಮ್ಮ ಪ್ರತಿಯೊಂದು ಕುಟುಂಬದಲ್ಲಿಯೂ ಇದ್ದಾನೆ. ಅವನ ಬಾರ್ನಬ ಎಲ್ಲಿ?

ಸ್ನೇಹಿತರಿದ್ದಾರಲ್ಲ, ಇವರೇಕೆ ಬೇಕು ಎಂದು ಯುವಕರು ಕೇಳಬಹುದು. ಸ್ನೇಹಿತನನ್ನು ನಾವು ಆರಿಸಿಕೊಳ್ಳುತ್ತೇವೆ, ಬೇಡವಾದರೆ ಬಿಡುತ್ತೇವೆ. ಚಿಕ್ಕಪ್ಪನ ಮಗನನ್ನು ಆರಿಸಿಕೊಂಡವರಿಲ್ಲ. ಆತ ನಮ್ಮಂತೆಯೇ ಇರಬೇಕಾಗಿಲ್ಲ: ಒಬ್ಬ ಇಂಜಿನಿಯರ್, ಒಬ್ಬ ಅಡಿಕೆ ಮರ ಹತ್ತುವವ, ಒಬ್ಬಳು ಕನ್ಯಾಸ್ತ್ರೀ, ಒಬ್ಬಳು ಬೇರೆ ಧರ್ಮದವನನ್ನು ವರಿಸಿದವಳು. ಒಡಹುಟ್ಟಿದವರು ತೀರ ಹತ್ತಿರದವರು. ಅಪರಿಚಿತರು ತೀರ ದೂರದವರು. ಇವೆರಡರ ನಡುವೆ, ಮನೆಗೂ ಲೋಕಕ್ಕೂ ಸಂಕದಂತೆ ನಿಂತವರು ಇವರು. ಆರಿಸಿಕೊಳ್ಳದವನನ್ನು ಪ್ರೀತಿಸುವ ಅಭ್ಯಾಸ ಇಲ್ಲಿ ಆಗದಿದ್ದರೆ, ನೆರೆಯವನನ್ನು ಪ್ರೀತಿಸಬೇಕೆಂಬ ಆಜ್ಞೆ ಬರಿಯ ಬೋಧನೆಯಾಗಿ ಉಳಿಯುತ್ತದೆ.

ಈ ನಂಟು ಇಲ್ಲದವರಿಗೆ ಅದರ ಬೆಲೆ ಚೆನ್ನಾಗಿ ಗೊತ್ತು. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರಿಗೂ ಸಿರಿಮಾವೋ ಬಂಡಾರನಾಯಿಕೆಯವರಿಗೂ ಆದ ಒಪ್ಪಂದದಂತೆ 5,25,000 ಮಂದಿ ತಮಿಳರನ್ನು ಭಾರತವೂ 3,00,000 ಮಂದಿಯನ್ನು ಸಿಂಹಳವೂ ತಮ್ಮವರೆಂದು ಸ್ವೀಕರಿಸುವುದೆಂದು ತೀರ್ಮಾನವಾಯಿತು. ಹಾಗೆ ಬಂದವರಲ್ಲಿ ಕೆಲವರು ಸುಳ್ಯ, ಪುತ್ತೂರು ಕಡೆಯ ಅರಣ್ಯ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಗೊಂಡರು. ಒಂದೇ ಅಜ್ಜನ ಮೊಮ್ಮಕ್ಕಳಲ್ಲಿ ಕೆಲವರು ಕಡಲಿನ ಆಚೆ, ಕೆಲವರು ಈಚೆ ಉಳಿದ ಮನೆಗಳು ಅವರಲ್ಲಿವೆ. ನೆಲ್ಯಾಡಿ, ಕಡಬದ ಕಡೆ ಕೇರಳದಿಂದ ಬಂದು ಕಾಡು ಕಡಿದು ರಬ್ಬರ್ ನೆಟ್ಟ ನಮ್ಮ ಸಿರೋ ಮಲಬಾರ್ ಮತ್ತು ಮಲಂಕರ ಬಾಂಧವರ ಹಿರಿಯರನ್ನು ಕೇಳಿ ನೋಡಿ: ಬಂಧುಗಳೆಲ್ಲ ತಿರುವಾಂಕೂರಿನಲ್ಲಿ, ತಾವು ಇಲ್ಲಿ, ವರ್ಷಕ್ಕೊಂದು ಪತ್ರ. ಆಗ ಅವರು ಪಕ್ಕದ ಮನೆಯವರ ಮಕ್ಕಳನ್ನೇ ತಮ್ಮ ಮಕ್ಕಳ ಅಣ್ಣತಮ್ಮಂದಿರನ್ನಾಗಿ ಮಾಡಿಕೊಂಡರು. ನಮಗೆ ಉಚಿತವಾಗಿ ದೊರೆತದ್ದನ್ನು ಅವರು ದುಡಿದು ಸಂಪಾದಿಸಿದರು.

ಮುಂದೆ ನಮ್ಮ ಮಕ್ಕಳೂ ದುಡಿದೇ ಸಂಪಾದಿಸಬೇಕಾದೀತು. ಲೆಕ್ಕ ಸರಳವಾಗಿದೆ. ತಂದೆಯ ಮನೆಯಲ್ಲಿ ಆರು ಮಕ್ಕಳು, ತಾಯಿಯ ಮನೆಯಲ್ಲಿ ಆರು. ಆ ಪ್ರತಿಯೊಬ್ಬರಿಗೂ ಐದೈದು ಮಕ್ಕಳಾದರೆ ಒಂದು ಮಗುವಿಗೆ ಇಂಥ ಅಣ್ಣತಮ್ಮ, ಅಕ್ಕತಂಗಿಯರು 50 ಮಂದಿ. ಎರಡೆರಡೇ ಮಕ್ಕಳಾದರೆ ನಾಲ್ಕು ಮಂದಿ. ಎರಡು ತಲೆಮಾರುಗಳಲ್ಲಿ ಒಂದೊಂದೇ ಆದರೆ ಸೊನ್ನೆ. ಆ ಮಗುವಿಗೆ ಚಿಕ್ಕಪ್ಪ, ಅತ್ತೆ ಎಂಬ ಪದಗಳೂ ನಿಘಂಟಿನ ಪದಗಳು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 1992-93ರಲ್ಲಿ ಒಬ್ಬ ಮಹಿಳೆಗೆ ಸರಾಸರಿ 3.4 ಮಕ್ಕಳಿದ್ದರೆ 2019-21ರಲ್ಲಿ 2.0, ಕರ್ನಾಟಕದಲ್ಲಿ 1.7. ಯಾರ ಮನೆಯಲ್ಲಿ ಎಷ್ಟು ಮಕ್ಕಳಿರಬೇಕೆಂದು ಹೇಳಲು ಈ ಲೆಕ್ಕ ಕೊಟ್ಟದ್ದಲ್ಲ. ಐವತ್ತು ಮಂದಿ ಇದ್ದಾಗ ಒಬ್ಬನ ಜೊತೆ ಮಾತು ಬಿಟ್ಟರೆ 49 ಮಂದಿ ಉಳಿಯುತ್ತಿದ್ದರು. ಮೂವರೇ ಇರುವ ಮಗುವಿಗೆ ನಮ್ಮ ಒಂದು ಜಗಳದ ಬೆಲೆ ಎಷ್ಟಾಗುತ್ತದೆ ಎಂಬುದನ್ನು ತಂದೆತಾಯಿಯರು ಯೋಚಿಸಲಿ.

ಹಾಗಾದರೆ ಮಾಡಬೇಕಾದುದೇನು? ನನ್ನ ಅನುಭವದಿಂದ ಮೂರು ಮಾತುಗಳನ್ನು ಹೇಳಬಯಸುತ್ತೇನೆ.

ಒಂದು: ಹಿರಿಯರು ಬದುಕಿರುವಾಗಲೇ ಉಯಿಲು ಬರೆಯಲಿ, ಹೆಣ್ಣುಮಕ್ಕಳನ್ನು ಎದುರು ಕೂರಿಸಿಕೊಂಡು ಬರೆಯಲಿ. ಪತ್ರದಲ್ಲಿ ಸೆಂಟ್ಸುಗಳ ಜೊತೆ ನೀರಿನ ಸರದಿ, ನಡೆಯುವ ದಾರಿ, ಬಾವಿಯ ಹಕ್ಕು ಸ್ಪಷ್ಟವಾಗಿ ಇರಲಿ. ಅಜ್ಜನ ಮೌನ ಮೊಮ್ಮಕ್ಕಳ ವ್ಯಾಜ್ಯವಾಗುತ್ತದೆ. ಹಳದಿ ಎಲೆ ರೋಗದಿಂದ ಸುಳ್ಯದ ತೋಟಗಳು ಸೊರಗಿರುವ ಈ ದಿನಗಳಲ್ಲಿ ಕೋರ್ಟಿಗೆ ಸುರಿಯಲು ಯಾರ ಬಳಿ ಅಡಿಕೆ ಮಿಕ್ಕಿದೆ?

ಎರಡು: ನಿಮ್ಮ ಜಗಳವನ್ನು ಮಕ್ಕಳ ಹೆಸರಿಗೆ ಬರೆಯಬೇಡಿ. ನೀವು ಅಣ್ಣನ ಮನೆಗೆ ಹೋಗದಿದ್ದರೂ ನಿಮ್ಮ ಮಗನನ್ನು ಕಳುಹಿಸಿ. ಮೊಂತಿ ಹಬ್ಬದ ದಿನ, ಸೆಪ್ಟೆಂಬರ್ 8ರಂದು, ಹೊಸ ತೆನೆಯ ಕಾಳುಗಳನ್ನು ದೂರದಲ್ಲಿರುವ ಮಕ್ಕಳಿಗೆ ಅಂಚೆಯಲ್ಲಿಯೂ ಕಳುಹಿಸುವ ಪದ್ಧತಿ ನಮ್ಮಲ್ಲಿದೆ. ಸಮುದ್ರ ದಾಟುವ ಆ ಕಾಳು ಪಕ್ಕದ ಬೇಲಿಯನ್ನು ದಾಟದಿದ್ದರೆ ಅದನ್ನು ಆಶೀರ್ವದಿಸಿದ್ದು ಏತಕ್ಕೆ?

ಮೂರು: ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಒಂದು ಸೂರಿನಡಿ ಮಲಗಿಸಿ. ಸಭಾಭವನದಲ್ಲಿ ನಡೆಯುವ ಕುಟುಂಬ ಸಮ್ಮಿಲನಗಳನ್ನು ನಾನು ಬಲ್ಲೆ. ಬ್ಯಾನರು, ಒಂದೇ ಬಣ್ಣದ ಅಂಗಿ, ಗುಂಪು ಫೋಟೋ, ಬಿರಿಯಾನಿ, ನಾಲ್ಕು ಗಂಟೆಗೆ ಎಲ್ಲರೂ ಹೊರಟರು. ಅದು ತಪ್ಪಲ್ಲ, ಆದರೆ ಅದು ಸಾಲದು. ಮಕ್ಕಳನ್ನು ಬೆಸೆಯುವುದು ಜೊತೆಯಾಗಿ ಮಾಡಿದ ಕೆಲಸ, ಜೊತೆಯಾಗಿ ತಿಂದ ಬೈಗಳು. ವಾಟ್ಸಾಪ್ ಗುಂಪಿನಲ್ಲಿ ಹುಟ್ಟುಹಬ್ಬದ ಶುಭಾಶಯ ಕಳುಹಿಸುವವರು ಆಸ್ಪತ್ರೆಯ ರಾತ್ರಿಯಲ್ಲಿ ಬೆಂಚಿನ ಮೇಲೆ ಕೂರುವವರೂ ಆಗಬೇಕಾದರೆ ಆ ಚಾಪೆಯ ನೆನಪು ಬೇಕು.

ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. ಬಂಧುಪ್ರೀತಿ ಬೇಲಿಯೂ ಆಗಬಲ್ಲದು. ದಾಯ್ಜಿಗಳ ಕೂಟವೇ ಇಗರ್ಜಿಯ ಹಣಕಾಸಿನ ಸಮಿತಿಯಾಗಿ, ಅವರ ಕೂಟವೇ ಸಹಕಾರಿ ಸಂಘದ ಆಡಳಿತವಾಗಿ, ಹೊರಗಿನವರು ಹೊರಗೇ ಉಳಿದರೆ ಅದು ನಂಟಲ್ಲ, ಪಂಗಡ. ಸಂತ ಅಗಸ್ಟೀನರ ಲೆಕ್ಕ ನೆನಪಿರಲಿ: ಪ್ರೀತಿಯನ್ನು ಹರಡಲೆಂದೇ ಈ ಸಂಬಂಧಗಳು ಇರುವುದು.

ಕಳೆದ ಕ್ರಿಸ್‌ಮಸ್ ಬಳಿಕ ಊರಿಗೆ ಹೋಗಿದ್ದೆ. ಅಣ್ಣನಿಗೆ ಈಗ ಅರವತ್ತು ದಾಟಿದೆ, ಮಂಡಿ ನೋವು. ಬೇಸಗೆಯಲ್ಲಿ ಕೊಳವೆಬಾವಿಗಳು ಕೈಕೊಡುತ್ತಿರುವುದರಿಂದ ಮತ್ತೆ ಕಟ್ಟ ಹಾಕುವುದೆಂದು ಮೂರು ಮನೆಯವರೂ ತೀರ್ಮಾನಿಸಿದ್ದರು. ಮಣ್ಣಿನ ಬದಲು ಮರಳು ತುಂಬಿದ ಚೀಲ, ಸೊಪ್ಪಿನ ಬದಲು ಪ್ಲಾಸ್ಟಿಕ್ ಹಾಳೆ. ಬೆಂಗಳೂರಿನ ಹುಡುಗನೊಬ್ಬ ಎರಡೇ ಚೀಲ ಹೊತ್ತು ಸೊಂಟ ಹಿಡಿದು ಕುಳಿತ. ಅವನ ಅತ್ತೆಯ ಮಗಳು ನಕ್ಕು ಅವನ ಚೀಲವನ್ನೂ ಹೊತ್ತಳು. ಅಣ್ಣ ದಂಡೆಯಲ್ಲಿ ಕುರ್ಚಿ ಹಾಕಿ ಕುಳಿತು ಎಲ್ಲರನ್ನೂ ಬೈಯುತ್ತಿದ್ದ. ಮೂರು ಗಂಟೆಯ ಹೊತ್ತಿಗೆ ನೀರು ನಿಂತಿತು.

‘ಸಿಮೆಂಟಿನದು ಕಟ್ಟಿಸಿದರೆ ಆಗುತ್ತಿರಲಿಲ್ಲವೇ ಅಂಕಲ್, ಪ್ರತಿವರ್ಷದ ಈ ಕಷ್ಟ ಏಕೆ?’ ಎಂದು ಬೆಂಗಳೂರಿನ ಹುಡುಗ ಕೇಳಿದ.

‘ಸಿಮೆಂಟಿನದಾದರೆ ನೀನು ಮುಂದಿನ ವರ್ಷ ಬರುತ್ತೀಯಾ?’ ಎಂದ ಅಣ್ಣ.

ಮಾತು ಬಿಟ್ಟ ಅಣ್ಣನೊಬ್ಬ, ತಂಗಿಯೊಬ್ಬಳು ಇರುವ ಓದುಗರು ಮುಂದಿನ ಭಾನುವಾರದ ಪೂಜೆಗೆ ಬರುವ ಮೊದಲು ಆ ಮನೆಯ ಅಂಗಳಕ್ಕೆ ಒಮ್ಮೆ ಹೋಗಿ ಬನ್ನಿ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸಹೋದರನ ಬಳಿಗೆ ಹೋಗಬೇಕೆಂದು ಹೇಳಿದವರು ನಾನಲ್ಲ. ಅವರು ಆಡಿದ ಭಾಷೆಯಲ್ಲಿ ‘ಸಹೋದರ’ ಎಂದರೆ ಯಾರುಯಾರೆಂಬುದನ್ನು ಆರಂಭದಲ್ಲಿಯೇ ಹೇಳಿದ್ದೇನೆ.